ಸೈಕಲ್ ಅಂಗಡಿಯಿಂದ ಲೇತ್‌ವರೆಗೆ: ಲಕ್ಷ್ಮಣರಾವ್ ಕಿರ್ಲೋಸ್ಕರ್

ನಮ್ಮ ತಾತನ ಸೈಕಲ್‌ ಕಳೆದ ದಸರಾ ರಜೆಯಲ್ಲಿ ತೊಂದರೆ ಕೊಡಲು ಶುರುಮಾಡಿತು. ಪೆಡಲ್ ತುಳಿದರೆ ಪ್ರತಿ ಸುತ್ತಿಗೊಮ್ಮೆ ಟಕ್ ಎಂಬ ಸದ್ದು. ನೋಡಿದರೆ ಎಡಗಡೆಯ ಕಾಟರ್ ಪಿನ್ ಸವೆದಿತ್ತು. ಹಳೆಯ ಸೈಕಲ್‌ಗಳಲ್ಲಿ ಪೆಡಲ್‌ನ ತೋಳನ್ನು, ಅಂದರೆ ಕ್ರ್ಯಾಂಕನ್ನು, ಆಕ್ಸಲ್‌ಗೆ ಬಿಗಿಯುವುದು ಈ ಪಿನ್ನೇ. ಒಂಬತ್ತೂವರೆ ಮಿಲಿಮೀಟರ್ ದಪ್ಪದ ಸಣ್ಣ ಕಬ್ಬಿಣದ ಕಡ್ಡಿ. ಅದರ ಒಂದು ಬದಿ ಓರೆಯಾಗಿ ಚಪ್ಪಟೆಯಾಗಿರುತ್ತದೆ, ತುದಿಯಲ್ಲಿ ನಟ್ ಇರುತ್ತದೆ. ಅಂಗಡಿಯಲ್ಲಿ ಒಂದು ಕಾಫಿಯ ಬೆಲೆಗೆ ಸಿಗುತ್ತದೆ. ಆದರೆ ನಾನು ಬಿ.ಇ. ಮೆಕ್ಯಾನಿಕಲ್ ಮೂರನೇ ವರ್ಷದವನು. ಇಷ್ಟು ಸಣ್ಣದನ್ನು ಕೊಳ್ಳುವುದೇಕೆ, ಮನೆಯಲ್ಲೇ ಮಾಡಿದರಾಯಿತು ಎಂದುಕೊಂಡೆ.

ಮನೆಯಲ್ಲಿ ಲೇತ್ ಎಲ್ಲಿಂದ ಬರಬೇಕು? ಕೈಯಲ್ಲಿ ಹಿಡಿಯುವ ಡ್ರಿಲ್ಲಿಂಗ್ ಮೆಷಿನ್ನನ್ನು ಹಲಗೆಗೆ ಬಿಗಿದು, ಡ್ರಿಲ್ ಬಿಟ್ ಇರಬೇಕಾದ ಜಾಗಕ್ಕೆ ಹತ್ತು ಮಿಲಿಮೀಟರ್‌ನ ಕಬ್ಬಿಣದ ರಾಡ್ ಸಿಕ್ಕಿಸಿದೆ. ಅದು ತಿರುಗುವಾಗ ಅರ ಹಿಡಿದು ಸವೆಸಿದೆ. ಗೆಳೆಯನಿಂದ ತಂದ ವರ್ನಿಯರ್ ಕ್ಯಾಲಿಪರ್‌ನಲ್ಲಿ ಐದು ನಿಮಿಷಕ್ಕೊಮ್ಮೆ ಅಳತೆ ನೋಡಿದೆ. ಮೂರು ಸಂಜೆ ಇದೇ ಕೆಲಸ. ಆಮೇಲೆ ಚಪ್ಪಟೆ ಬದಿಯನ್ನು ಅಂದಾಜಿನಲ್ಲಿ ಓರೆ ಮಾಡಿ, ಸುತ್ತಿಗೆಯಿಂದ ಬಡಿದು ಕೂರಿಸಿ, ಸುಗಟೂರಿನಿಂದ ಹೊರಟೆ. ಒಂದು ಕಿಲೋಮೀಟರ್ ಕೂಡ ಹೋಗಿರಲಿಲ್ಲ. ಕ್ರ್ಯಾಂಕ್ ಜಾರಿತು, ನಾನೂ ಜಾರಿದೆ. ಸೈಕಲ್ ರಿಪೇರಿ ಮಾಡುವ ಹಿರಿಯರೊಬ್ಬರು ಪಿನ್ ತೆಗೆದು ನೋಡಿ ನಕ್ಕುಬಿಟ್ಟರು. ಓರೆ ಹೆಚ್ಚಾಗಿದ್ದರಿಂದ ಪಿನ್ನಿನ ತುದಿಯಷ್ಟೇ ಆಕ್ಸಲ್‌ಗೆ ತಾಗಿತ್ತು. ಜೊತೆಗೆ ಅದನ್ನು ತಿರುಗುಮುರುಗಾಗಿ ಹಾಕಿದ್ದೆ. ಒಂದು ಬದಿಯ ಪಿನ್ನಿನ ನಟ್ ಮೇಲಕ್ಕಿದ್ದಾಗ ಇನ್ನೊಂದು ಬದಿಯದು ಕೆಳಕ್ಕಿರಬೇಕು, ಇಲ್ಲದಿದ್ದರೆ ಎರಡು ಪೆಡಲ್ ಒಂದೇ ಸಾಲಿಗೆ ಬರುವುದಿಲ್ಲ. ಐದು ಸೆಮಿಸ್ಟರ್‌ಗಳಲ್ಲಿ ಇದನ್ನು ನನಗೆ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ರಜೆ ಮುಗಿದು ಕಾಲೇಜಿಗೆ ಹೋದಾಗ ವರ್ಕ್‌ಶಾಪ್‌ನಲ್ಲಿದ್ದ ಹಳೆಯ ಲೇತ್‌ನ ಮುಂದೆ ನಿಂತೆ. ಎರಡು ವರ್ಷದಿಂದ ನೋಡುತ್ತಿದ್ದ ಯಂತ್ರವೇ. ಅದರ ಮೇಲಿನ ಹೆಸರನ್ನು ಅವತ್ತು ಮೊದಲ ಬಾರಿಗೆ ಗಮನವಿಟ್ಟು ಓದಿದೆ. ಮೈಸೂರು ಕಿರ್ಲೋಸ್ಕರ್, ಹರಿಹರ. ನಮ್ಮ ತೋಟದ ಬತ್ತಿದ ಬಾವಿಯ ಪಕ್ಕದಲ್ಲಿ ತುಕ್ಕು ಹಿಡಿದು ಕೂತಿರುವ ಪಂಪಿನ ಮೇಲೂ ಇದೇ ಕಿರ್ಲೋಸ್ಕರ್ ಹೆಸರಿದೆ. ಯಾರು ಈ ಕಿರ್ಲೋಸ್ಕರ್ ಎಂದು ಹುಡುಕುತ್ತಾ ಹೋದೆ. ಗ್ರಂಥಾಲಯದಲ್ಲಿ ಸಿಕ್ಕ ಉತ್ತರ ನನ್ನನ್ನು ಮತ್ತೆ ಸೈಕಲ್‌ಗೇ ತಂದು ನಿಲ್ಲಿಸಿತು. ಈ ಪಂಪು, ಈ ಲೇತು, ಎಲ್ಲದರ ಆರಂಭ ನಮ್ಮ ರಾಜ್ಯದ ಬೆಳಗಾವಿಯಲ್ಲಿದ್ದ ಒಂದು ಸೈಕಲ್ ಅಂಗಡಿ!

ಬಣ್ಣ ಗುರುತಿಸದ ಕಣ್ಣು

ಲಕ್ಷ್ಮಣ ಕಾಶೀನಾಥ ಕಿರ್ಲೋಸ್ಕರ್ ಹುಟ್ಟಿದ್ದು 1869ರ ಜೂನ್ 20ರಂದು, ಇಂದಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮನೆಮಾತು ಮರಾಠಿ, ಸುತ್ತಲಿನ ನೆಲ ಕನ್ನಡದ್ದು. ಮರಾಠಿ ಸಂಗೀತ ನಾಟಕಕ್ಕೆ ಬುನಾದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ಕೂಡ ಇದೇ ಊರಿನವರು. ಲಕ್ಷ್ಮಣನಿಗೆ ಶಾಲೆಯ ಪಾಠಕ್ಕಿಂತ ಚಿತ್ರ ಬಿಡಿಸುವುದರಲ್ಲಿ ಮತ್ತು ಯಂತ್ರಗಳನ್ನು ನೋಡುವುದರಲ್ಲಿ ಆಸಕ್ತಿ. ತಂದೆಗೆ ಇದು ಒಪ್ಪಿಗೆಯಾಗಲಿಲ್ಲ. ಚಿತ್ರ ಬಿಡಿಸಿ ಹೊಟ್ಟೆ ಹೊರೆಯುವುದು ಹೇಗೆ ಎಂಬ ಚಿಂತೆ ಆ ಕಾಲದ ತಂದೆಗೂ ಇತ್ತು. ಬೆನ್ನಿಗೆ ನಿಂತವರು ಅಣ್ಣ ರಾಮಚಂದ್ರ. ಮನೆಯವರ ಬಾಯಲ್ಲಿ ರಾಮುಅಣ್ಣ. ಅಣ್ಣನ ದುಡ್ಡಿನ ನೆರವಿನಿಂದ ಲಕ್ಷ್ಮಣ 1885ರಲ್ಲಿ ಮುಂಬೈಯ ಜೆ.ಜೆ. ಕಲಾಶಾಲೆಗೆ ಸೇರಿದರು.

ಅಲ್ಲಿ ಅವರಿಗೆ ಮೊದಲ ಪೆಟ್ಟು ಬಿತ್ತು. ಅವರ ಕಣ್ಣಿಗೆ ಕೆಲವು ಬಣ್ಣಗಳ ವ್ಯತ್ಯಾಸ ತಿಳಿಯುವುದಿಲ್ಲ ಎಂಬುದು ಗೊತ್ತಾಯಿತು. ಭಾಗಶಃ ವರ್ಣಾಂಧತೆ. ಚಿತ್ರಕಾರನಾಗಬೇಕೆಂದು ಮನೆ ಬಿಟ್ಟು ಬಂದವನಿಗೆ ಬಣ್ಣವೇ ಗೊತ್ತಾಗದಿದ್ದರೆ ಏನು ಗತಿ? ಇದು ಹೆಚ್ಚು ಓದಿ ಸರಿಪಡಿಸಬಹುದಾದ ಕೊರತೆಯಲ್ಲ. ಮರುಪರೀಕ್ಷೆ ಕಟ್ಟಿ ಪಾಸಾಗುವಂಥದ್ದೂ ಅಲ್ಲ.

ಅವರು ಬಣ್ಣ ಬಿಟ್ಟರು, ಗೆರೆ ಬಿಡಲಿಲ್ಲ. ಯಂತ್ರದ ನಕ್ಷೆಗೆ ಬಣ್ಣ ಬೇಕಿಲ್ಲ. ಅಲ್ಲಿ ಬೇಕಾಗಿರುವುದು ನೇರ ಗೆರೆ, ಸರಿಯಾದ ಅಳತೆ, ಮತ್ತು ಒಂದು ವಸ್ತುವನ್ನು ಮೇಲಿನಿಂದ, ಮುಂದಿನಿಂದ, ಪಕ್ಕದಿಂದ ನೋಡಿದರೆ ಹೇಗೆ ಕಾಣುತ್ತದೆಂದು ಮನಸ್ಸಿನಲ್ಲೇ ತಿರುಗಿಸಿ ನೋಡುವ ಶಕ್ತಿ. ಮೊದಲ ವರ್ಷದ ಇಂಜಿನಿಯರಿಂಗ್ ಡ್ರಾಯಿಂಗ್‌ನಲ್ಲಿ ಒದ್ದಾಡಿದವರಿಗೆಲ್ಲ ಇದರ ಕಷ್ಟ ಗೊತ್ತು. ಲಕ್ಷ್ಮಣರಾವ್ ಮೆಕ್ಯಾನಿಕಲ್ ಡ್ರಾಯಿಂಗ್ ಕಲಿತು, ಮುಂಬೈಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದೇ ವಿಷಯಕ್ಕೆ ಸಹಾಯಕ ಶಿಕ್ಷಕರಾದರು. ಇಂದಿಗೂ ವಿಜೆಟಿಐ ಎಂದು ಹೆಸರಾಗಿರುವ ಕಾಲೇಜು ಅದು. ಕಾಗದದ ಮೇಲೆ ಬರೆಯುತ್ತಿದ್ದ ಯಂತ್ರಗಳನ್ನು ಹತ್ತಿರದಿಂದ ನೋಡುವ ಅವಕಾಶ ಅಲ್ಲಿ ಸಿಕ್ಕಿತು.

ಬೆಳಗಾವಿಯ ಅಂಗಡಿ

ಸೈಕಲ್ ಆಗ ಹೊಸ ವಸ್ತು. ಮುಂದಿನ ಚಕ್ರ ಆಳೆತ್ತರ, ಹಿಂದಿನದು ತಟ್ಟೆಯಷ್ಟು ಎಂಬಂಥ ಅಪಾಯದ ಸೈಕಲ್‌ಗಳ ಕಾಲ ಮುಗಿಯುತ್ತಿತ್ತು. ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ಹಿಂದಿನ ಚಕ್ರಕ್ಕೆ ಚೈನ್ ಹಾಕಿದ ರೋವರ್ ಸೈಕಲ್ ತಂದಿದ್ದರು. ಎರಡು ಚಕ್ರವೂ ಹೆಚ್ಚುಕಡಿಮೆ ಒಂದೇ ಅಳತೆ. ಇಂದಿನ ಸೈಕಲ್‌ನ ರೂಪ ಅಲ್ಲಿಂದಲೇ ಬಂತು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರ್ ಕೊಟ್ಟರು. ಕಿರ್ಲೋಸ್ಕರ್ ಸಮೂಹ ತನ್ನ ಆರಂಭವನ್ನು ಎಣಿಸುವುದೂ ಇದೇ 1888ರಿಂದ.

ಮುಂಬೈಯಲ್ಲಿ ಸೈಕಲ್ ಸವಾರಿ ನೋಡಿ ಮರುಳಾದ ಲಕ್ಷ್ಮಣರಾವ್, ಬೆಳಗಾವಿಯಲ್ಲಿದ್ದ ಅಣ್ಣನ ಜೊತೆ ಸೇರಿ ಸೈಕಲ್ ವ್ಯಾಪಾರಕ್ಕೆ ಇಳಿದರು. ಮುಂಬೈಯಿಂದ ತಮ್ಮ ಕಳಿಸಿದ ಸೈಕಲ್‌ಗಳನ್ನು ಅಣ್ಣ ಮಾರುವುದು, ಕೊಂಡವರಿಗೆ ಓಡಿಸಲು ಕಲಿಸುವುದು. ಕಲಿಸುವ ಶುಲ್ಕ 15 ರೂಪಾಯಿ. ಅಂದಿನ ಲೆಕ್ಕದಲ್ಲಿ ಅದು ಸಣ್ಣ ಮೊತ್ತವಲ್ಲ. ಸೈಕಲ್ ಆಗ ಅಧಿಕಾರಿಗಳ, ಹಣವಂತರ ವಾಹನ. ನಮ್ಮ ತಾತ ರೇಷ್ಮೆಗೂಡಿನ ಮೂಟೆ ಹೇರುತ್ತಿದ್ದ ಸೈಕಲ್ ಆಗಲು ಅದಕ್ಕೆ ಇನ್ನೂ ಹಲವು ದಶಕ ಬೇಕಿತ್ತು.

ಅಷ್ಟರಲ್ಲಿ ಕಾಲೇಜಿನಲ್ಲಿ ಎರಡನೇ ಪೆಟ್ಟು. ಅವರಿಗೆ ಬರಬೇಕಿದ್ದ ಬಡ್ತಿಯನ್ನು ಆಂಗ್ಲೋ ಇಂಡಿಯನ್ ಒಬ್ಬರಿಗೆ ಕೊಡಲಾಯಿತು. ಕೆಲಸ ಗೊತ್ತಿದ್ದರೂ ಮೇಲೆ ಹೋಗಲು ಬಿಡದ ಜಾಗದಲ್ಲಿ ಇದ್ದೇನು ಪ್ರಯೋಜನ ಎಂದು ಅವರು ಕೆಲಸ ಬಿಟ್ಟು ಬೆಳಗಾವಿಗೆ ಬಂದರು. ಅಣ್ಣತಮ್ಮಂದಿರ ಅಂಗಡಿಗೆ ಕಿರ್ಲೋಸ್ಕರ್ ಬ್ರದರ್ಸ್ ಎಂಬ ಹೆಸರು. ಆ ಅಂಗಡಿಯ ನೆನಪಿನ ಕಿರ್ಲೋಸ್ಕರ್ ರಸ್ತೆ ಬೆಳಗಾವಿಯಲ್ಲಿ ಇಂದಿಗೂ ಇದೆ.

ಸೈಕಲ್ ಮಾರಿದವನು ರಿಪೇರಿಯನ್ನೂ ಮಾಡಲೇಬೇಕು. ವಿದೇಶದಿಂದ ಬರುವ ವಸ್ತು, ಬಿಡಿಭಾಗಕ್ಕೆ ತಿಂಗಳುಗಟ್ಟಲೆ ಕಾಯುವಂತಿಲ್ಲ. ಯಂತ್ರಶಾಸ್ತ್ರ ಕಲಿಯಲು ಸೈಕಲ್‌ಗಿಂತ ಒಳ್ಳೆಯ ಪಠ್ಯಪುಸ್ತಕ ಇಲ್ಲ ಎಂದು ನನಗೆ ಅನಿಸುವುದು ಇದಕ್ಕೇ. ಅದರಲ್ಲಿ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಹಬ್ಬಿನಲ್ಲಿ ಬಾಲ್ ಬೇರಿಂಗ್. ಮುಂದಿನ ಚಕ್ರಕ್ಕೆ 44 ಹಲ್ಲು, ಹಿಂದಿನದಕ್ಕೆ 18 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತು ಸುತ್ತುವಾಗ ಹಿಂದಿನ ಗಾಲಿ ಸುಮಾರು ಎರಡೂವರೆ ಸುತ್ತು ಸುತ್ತುತ್ತದೆ. ಗೇರ್ ಅನುಪಾತ ಎಂದರೆ ಇಷ್ಟೇ. ಬಲ ಪೆಡಲ್‌ನ ಮರೆ ಎಲ್ಲ ಬೋಲ್ಟ್‌ಗಳಂತೆ, ಎಡ ಪೆಡಲ್‌ನ ಮರೆ ಮಾತ್ರ ಉಲ್ಟಾ. ತುಳಿದಂತೆಲ್ಲ ಬಿಚ್ಚಿಕೊಂಡು ಬರಬಾರದು ಎಂಬುದಕ್ಕೆ ಈ ಏರ್ಪಾಡು. ಕಡ್ಡಿಗಳು ಚಕ್ರವನ್ನು ಎಳೆತದಿಂದ ಹಿಡಿದಿಡುತ್ತವೆ, ಒಂದು ಸಡಿಲವಾದರೂ ಗಾಲಿ ವಾಲುತ್ತದೆ.

ಸೈಕಲ್ ಅಂಗಡಿಯಿಂದ ದೊಡ್ಡ ಕೆಲಸಕ್ಕೆ ಹೋದವರು ಲಕ್ಷ್ಮಣರಾವ್ ಒಬ್ಬರೇ ಅಲ್ಲ. ಅಮೆರಿಕದ ಡೇಟನ್‌ನಲ್ಲಿ ರೈಟ್ ಸಹೋದರರು 1892ರಲ್ಲಿ ಸೈಕಲ್ ಅಂಗಡಿ ತೆರೆದರು. 1903ರಲ್ಲಿ ಹಾರಿದ ಅವರ ವಿಮಾನದ ಇಂಜಿನ್ ತಯಾರಾದದ್ದು ಆ ಅಂಗಡಿಯ ಲೇತ್‌ನಲ್ಲಿ, ಮೆಕ್ಯಾನಿಕ್ ಚಾರ್ಲಿ ಟೇಲರ್ ಕೈಯಲ್ಲಿ. ಅದರ ಪ್ರೊಪೆಲರ್‌ಗಳನ್ನು ತಿರುಗಿಸಿದ್ದು ಚೈನು ಮತ್ತು ಹಲ್ಲಿನ ಚಕ್ರ. ಈಗಿನ ಸ್ಕೋಡಾ ಕಾರು ಕಂಪನಿಯ ಬೇರು ಕೂಡ 1895ರಲ್ಲಿ ಲಾರಿನ್ ಮತ್ತು ಕ್ಲೆಮೆಂಟ್ ಎಂಬಿಬ್ಬರು ಶುರುಮಾಡಿದ ಸೈಕಲ್ ಕೆಲಸದಲ್ಲಿದೆ. ಅಣ್ಣತಮ್ಮಂದಿರ ಅಂಗಡಿ ಡೇಟನ್‌ನಲ್ಲಿ ತೆರೆಯುವ ಹೊತ್ತಿಗೆ ನಮ್ಮ ಬೆಳಗಾವಿಯ ಅಣ್ಣತಮ್ಮಂದಿರು ಸೈಕಲ್ ವ್ಯಾಪಾರದಲ್ಲಿ ಪಳಗಿದ್ದರು ಎಂಬುದು ನನಗೆ ಹೆಮ್ಮೆಯ ಸಂಗತಿ.

ಮಾರಾಟವಾಗದ ನೇಗಿಲು

ಲಕ್ಷ್ಮಣರಾವ್ ಸೈಕಲ್‌ನಲ್ಲೇ ನಿಲ್ಲಲಿಲ್ಲ. ಸೈಕಲ್ ಕೊಳ್ಳುವವರು ಊರಿಗೆ ನಾಲ್ಕು ಜನ. ಉಳಿದವರೆಲ್ಲ ರೈತರು. ಅವರಿಗೆ ಏನು ಬೇಕು ಎಂದು ಅವರು ನೋಡತೊಡಗಿದರು. ಮೊದಲು ಮಾಡಿದ್ದು ಮೇವು ಕತ್ತರಿಸುವ ಯಂತ್ರ. ಜೋಳದ ದಂಟನ್ನು ಹಾಗೇ ಹಾಕಿದರೆ ದನ ಎಲೆ ತಿಂದು ದಂಟು ಬಿಡುತ್ತದೆ. ಸಣ್ಣಗೆ ಕತ್ತರಿಸಿ ಹಾಕಿದರೆ ಪೂರ್ತಿ ತಿನ್ನುತ್ತದೆ. ಬರಗಾಲದಲ್ಲಿ ದನ ಸಾಕಿದವರಿಗೆ ಇದರ ಬೆಲೆ ಗೊತ್ತು. ಕೋಲಾರದ ನಮಗಂತೂ ಹೇಳಬೇಕಾಗಿಯೇ ಇಲ್ಲ.

ಆಮೇಲೆ ಬಂದದ್ದು ಕಬ್ಬಿಣದ ನೇಗಿಲು. ಮರದ ನೇಗಿಲು ನೆಲವನ್ನು ಗೀರುತ್ತದೆ, ಕಬ್ಬಿಣದ ನೇಗಿಲು ಮಣ್ಣನ್ನು ಎತ್ತಿ ಮಗುಚುತ್ತದೆ. ಕಳೆ ಬೇರುಸಹಿತ ಮೇಲಕ್ಕೆ ಬರುತ್ತದೆ, ಮಳೆ ನೀರು ಒಳಗೆ ಇಳಿಯುತ್ತದೆ. ಲೆಕ್ಕವೆಲ್ಲ ಸರಿಯಾಗಿತ್ತು. ಆದರೆ ಯಾರೂ ಕೊಳ್ಳಲಿಲ್ಲ. ಕಬ್ಬಿಣ ತಾಗಿದರೆ ಭೂಮಿಗೆ ವಿಷವಾಗುತ್ತದೆ ಎಂಬ ನಂಬಿಕೆ ರೈತರಲ್ಲಿತ್ತು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು.

ಈ ಎರಡು ವರ್ಷದ ಬಗ್ಗೆ ನಾನು ತುಂಬ ಯೋಚಿಸಿದ್ದೇನೆ. ನಾನಾಗಿದ್ದರೆ ರೈತರಿಗೆ ಬುದ್ಧಿಯಿಲ್ಲ ಎಂದು ಬೈದು ಮತ್ತೆ ಸೈಕಲ್ ಮಾರಲು ಹೋಗುತ್ತಿದ್ದೆ. ಆದರೆ ರೈತನ ಕಡೆಯಿಂದ ನೋಡಿದರೆ ಅವನ ಅನುಮಾನದಲ್ಲಿ ತಪ್ಪೇನಿದೆ? ಅವನಿಗೆ ಇರುವುದು ಒಂದು ತುಂಡು ನೆಲ. ಪ್ರಯೋಗ ಕೆಟ್ಟರೆ ಒಂದು ವರ್ಷದ ಅನ್ನ ಹೋಗುತ್ತದೆ. ಅಂಗಡಿಯವನಿಗೆ ಹೋಗುವುದು ಒಂದು ನೇಗಿಲು ಮಾತ್ರ. ಲಕ್ಷ್ಮಣರಾವ್ ಕಾದರು. ಒಬ್ಬ ಉತ್ತು ಬೆಳೆ ತೆಗೆದರೆ ಪಕ್ಕದ ಹೊಲದವನು ಬಂದು ನೋಡುತ್ತಾನೆ. ಅವರ ನೇಗಿಲು ಊರೂರಿಗೆ ಹಬ್ಬಿದ್ದು ಹಾಗೆ, ನಿಧಾನವಾಗಿ.

ಮುಳ್ಳುಕಳ್ಳಿಯ ನಡುವೆ

ಕೆಲಸ ಕೈಹಿಡಿಯುತ್ತಿದೆ ಎನ್ನುವಾಗ ಮೂರನೇ ಪೆಟ್ಟು. ಬೆಳಗಾವಿ ಬೆಳೆಯುತ್ತಿತ್ತು. ಹೊಸ ಬಡಾವಣೆಗಾಗಿ ಅವರ ಕಾರ್ಖಾನೆಯ ಜಾಗ ಬಿಟ್ಟುಕೊಡಬೇಕೆಂದು ನಗರಸಭೆಯಿಂದ ಆದೇಶ ಬಂತು. ಯಂತ್ರಗಳನ್ನು ಎತ್ತಿಕೊಂಡು ಎಲ್ಲಿಗೆ ಹೋಗುವುದು?

ಆಗ ನೆರವಿಗೆ ಬಂದವರು ಔಂಧ್ ಸಂಸ್ಥಾನದ ರಾಜ ಬಾಳಾಸಾಹೇಬ ಪಂತ ಪ್ರತಿನಿಧಿ. ಸೂರ್ಯ ನಮಸ್ಕಾರವನ್ನು ಜನಪ್ರಿಯಗೊಳಿಸಿದವರೆಂದು ಅವರ ಹೆಸರನ್ನು ಕೆಲವರು ಕೇಳಿರಬಹುದು. ಔಂಧ್‌ನ ದೇವಸ್ಥಾನಕ್ಕೆ ಸಭಾಮಂಟಪ ಕಟ್ಟುವ ಕೆಲಸವನ್ನು ಅವರು ಲಕ್ಷ್ಮಣರಾವ್‌ಗೆ ಕೊಟ್ಟರು. ಕಾರ್ಖಾನೆಗೆಂದು ಕುಂಡಲ್ ರೋಡ್ ರೈಲು ನಿಲ್ದಾಣದ ಹತ್ತಿರ 32 ಎಕರೆ ಜಮೀನು ಕೊಟ್ಟರು, ಸಾಲವನ್ನೂ ಕೊಟ್ಟರು. ಈಗ ಅದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆ. ಜಮೀನು ಎಂದರೆ ಹಸಿರು ತೋಟವಲ್ಲ. ಮುಳ್ಳುಕಳ್ಳಿ ತುಂಬಿದ ಬಂಜರು, ಕಳ್ಳಿಯ ಬುಡದಲ್ಲಿ ನಾಗರಹಾವು. 1910ರಲ್ಲಿ ಒಂದಷ್ಟು ಕುಟುಂಬಗಳು ಅಲ್ಲಿಗೆ ಹೋಗಿ ಕಳ್ಳಿ ಕಡಿದು ಮನೆ ಕಟ್ಟಿದವು, ಕಾರ್ಖಾನೆ ಕಟ್ಟಿದವು. ಅದು ಕಿರ್ಲೋಸ್ಕರ್‌ವಾಡಿಯಾಯಿತು. ಜಮ್ಷೆಡ್‌ಪುರದಂತೆ, ಕಾರ್ಖಾನೆಯ ಜೊತೆಗೇ ಬೆಳೆದ ಊರು.

ಅವರ ಜೊತೆಗಾರರ ಪಟ್ಟಿ ನೋಡಿದಾಗ ನನಗೆ ಆಶ್ಚರ್ಯವಾಯಿತು. ಇಂದಿನ ಯಾವ ಕಂಪನಿಯೂ ರೆಸ್ಯೂಮೆ ನೋಡಿ ಇವರನ್ನು ಕರೆಯುತ್ತಿರಲಿಲ್ಲ. ಅನಂತರಾವ್ ಫಳ್ಣೀಕರ್ ಶಾಲೆ ಅರ್ಧಕ್ಕೆ ಬಿಟ್ಟವರು. ಅವರೇ ಕಾರ್ಖಾನೆಯ ಕಲ್ಪನಾಶೀಲ ಇಂಜಿನಿಯರ್ ಆದರು. ಗುಮಾಸ್ತರಾಗಿ ಬಂದ ಮಂಗೇಶರಾವ್ ರೇಗೆ ಇಡೀ ಸಂಸ್ಥೆಯ ಲೆಕ್ಕ ನೋಡಿಕೊಂಡರು. ರಾತ್ರಿ ಕಾವಲಿಗೆ ಇಟ್ಟುಕೊಂಡದ್ದು ದರೋಡೆ ಮಾಡಿ ಶಿಕ್ಷೆ ಅನುಭವಿಸಿ ಬಂದಿದ್ದ ತುಕಾರಾಮ ರಾಮೋಶಿ ಮತ್ತು ಪಿರ್ಯಾ ಮಾಂಗ್ ಎಂಬವರನ್ನು. ಅವರು ನಂಬಿಕೆ ಉಳಿಸಿಕೊಂಡರು. ಲಕ್ಷ್ಮಣರಾವ್ ತಮ್ಮ ಊರಿನಲ್ಲಿ ಅಸ್ಪೃಶ್ಯತೆಗೆ ಜಾಗ ಕೊಡಲಿಲ್ಲ. ನೂರು ವರ್ಷದ ಹಿಂದೆ, ಹಳ್ಳಿಗಳ ನಡುವೆ, ಇದು ಲೇತ್ ತಿರುಗಿಸುವುದಕ್ಕಿಂತ ಕಷ್ಟದ ಕೆಲಸವಾಗಿತ್ತು.

ಮೊದಲ ಮಹಾಯುದ್ಧದಲ್ಲಿ ಕಬ್ಬಿಣ, ಕಲ್ಲಿದ್ದಲು, ಬಣ್ಣ ಯಾವುದೂ ಸರಿಯಾಗಿ ಸಿಗದಾಯಿತು. ಸಿಕ್ಕಿದ್ದರಲ್ಲೇ, ಕೆಲವನ್ನು ತಾವೇ ಮಾಡಿಕೊಂಡು, ಕಾರ್ಖಾನೆ ನಡೆಸಿದರು. 1920ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ಕಂಪನಿಯಾಯಿತು. ನೇಗಿಲಿನ ಜೊತೆಗೆ ಕಬ್ಬಿನ ಗಾಣ, ಶೇಂಗಾ ಸುಲಿಯುವ ಯಂತ್ರ, ಕಬ್ಬಿಣದ ಪೀಠೋಪಕರಣ, ಮುಂದೆ ನೀರೆತ್ತುವ ಪಂಪುಗಳು ಬಂದವು. ಮಗ ಶಂತನುರಾವ್ ಅಮೆರಿಕದ ಎಂಐಟಿಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ ಬಂದು ಅಪ್ಪನ ಜೊತೆ ಸೇರಿದರು. ಡಿಗ್ರಿ ಇಲ್ಲದ ಅಪ್ಪ, ಎಂಐಟಿ ಡಿಗ್ರಿಯ ಮಗ. ಡಿಗ್ರಿ ಬೇಡ ಎಂದು ಲಕ್ಷ್ಮಣರಾವ್ ತಿಳಿದಿರಲಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಅವರು ಬೇಡವೆಂದದ್ದು ಕೈ ಕೊಳೆ ಮಾಡಿಕೊಳ್ಳದ ಓದನ್ನು ಎಂದು ನಾನು ತಿಳಿದುಕೊಂಡಿದ್ದೇನೆ.

ಹರಿಹರದ ಲೇತ್

ಕನ್ನಡ ನಾಡಿನಿಂದ ಹೊರಟ ಕಿರ್ಲೋಸ್ಕರ್ ಹೆಸರು 1941ರಲ್ಲಿ ಮತ್ತೆ ಕನ್ನಡ ನಾಡಿಗೆ ಬಂತು. ಅಂದಿನ ಮೈಸೂರು ಸಂಸ್ಥಾನದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾಯಿತು. ಅಲ್ಲಿ ಮಾಡಿದ್ದು ಲೇತ್‌ಗಳನ್ನು. ಯಂತ್ರಗಳನ್ನು ಹೆರುವ ತಾಯಿ ಯಂತ್ರ ಎಂದು ನಮ್ಮ ವರ್ಕ್‌ಶಾಪ್ ಇನ್‌ಸ್ಟ್ರಕ್ಟರ್ ಅದನ್ನು ಕರೆಯುತ್ತಾರೆ. ಬೋಲ್ಟ್, ಶಾಫ್ಟ್, ಪುಲ್ಲಿ, ನನ್ನ ಕಾಟರ್ ಪಿನ್, ಗುಂಡಗಿನ ಏನೇ ಆಗಲಿ ಅದರಲ್ಲಿ ಆಗಬೇಕು. ಕಾರ್ಖಾನೆಯ ಸುತ್ತ ಬೆಳೆದ ಜಾಗಕ್ಕೆ ಯಂತ್ರಾಪುರ ಎಂದೇ ಹೆಸರು. 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್, ಪುಣೆಯಲ್ಲಿ ಡೀಸೆಲ್ ಇಂಜಿನ್‌ಗಳ ಕಿರ್ಲೋಸ್ಕರ್ ಆಯಿಲ್ ಇಂಜಿನ್ಸ್ ಶುರುವಾದವು.

ಕೊನೆಯ ಪೆಟ್ಟು ಬಿದ್ದಾಗ ಅವರಿಗೆ 78 ವರ್ಷ. 1948ರಲ್ಲಿ ಗಾಂಧೀಜಿಯವರ ಹತ್ಯೆಯ ಬಳಿಕ ಆ ಭಾಗದಲ್ಲಿ ಎದ್ದ ಗಲಭೆಯಲ್ಲಿ ಕಿರ್ಲೋಸ್ಕರ್‌ವಾಡಿಯ ಕಾರ್ಖಾನೆಗೆ ಬೆಂಕಿ ಬಿತ್ತು. ಕಳ್ಳಿ ಕಡಿದು ಕಟ್ಟಿದ್ದನ್ನು ಸುಟ್ಟು ನಿಂತದ್ದನ್ನು ಆ ವಯಸ್ಸಿನಲ್ಲಿ ನೋಡಬೇಕಾಯಿತು. ಕಾರ್ಖಾನೆಯನ್ನು ಮತ್ತೆ ಕಟ್ಟಲಾಯಿತು. 1956ರ ಸೆಪ್ಟೆಂಬರ್ 26ರಂದು ಅವರು ತೀರಿಕೊಂಡರು. ಹುಟ್ಟಿ ನೂರು ವರ್ಷವಾದಾಗ, 1969ರಲ್ಲಿ, ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ತಂದಿತು.

ಹರಿಹರದ ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ಬಾಗಿಲು ಮುಚ್ಚಿತು. ಸಾವಿರಾರು ಮನೆಗಳಿಗೆ ಅನ್ನ ಕೊಟ್ಟಿದ್ದ ಜಾಗ ಅದು. ಹಾಗಾಗಿ ಈ ಕಥೆಯನ್ನು ಎಲ್ಲವೂ ಗೆದ್ದ ಕಥೆ ಎಂದು ಹೇಳಲಾರೆ. ಆದರೆ ಅಲ್ಲಿ ಹುಟ್ಟಿದ ಲೇತ್‌ಗಳು ಇನ್ನೂ ಎಷ್ಟೋ ಐಟಿಐ, ಪಾಲಿಟೆಕ್ನಿಕ್, ಇಂಜಿನಿಯರಿಂಗ್ ಕಾಲೇಜುಗಳಲ್ಲಿ, ಗಲ್ಲಿಯ ವರ್ಕ್‌ಶಾಪ್‌ಗಳಲ್ಲಿ ತಿರುಗುತ್ತಿವೆ.

ನನಗೆ ಸಿಕ್ಕಿದ್ದು

ಗೆಳೆಯರೇ, ಇದನ್ನು ಬರೆಯಲು ಇನ್ನೊಂದು ಕಾರಣವಿದೆ. ಮೂರು ತಿಂಗಳ ಹಿಂದೆ ನಮ್ಮ ಜಿಲ್ಲೆಯ ಒಂದು ಕಾರ್ಖಾನೆಗೆ ಇಂಟರ್ನ್‌ಶಿಪ್ ಸಂದರ್ಶನಕ್ಕೆ ಹೋಗಿದ್ದೆ. ನನ್ನ ಅಂಕಗಳು ಚೆನ್ನಾಗಿವೆ. ಮೇಜಿನ ಆಚೆ ಇದ್ದವರು ಅಂಕಪಟ್ಟಿ ಪಕ್ಕಕ್ಕಿಟ್ಟು, ಒಂದು ಬೋಲ್ಟ್ ಮತ್ತು ಒಂದು ಸ್ಕೇಲ್ ಕೊಟ್ಟು ಇದರ ಪಿಚ್ ಎಷ್ಟು ಎಂದು ಕೇಳಿದರು. ಪಿಚ್‌ನ ವ್ಯಾಖ್ಯಾನ ನನಗೆ ಬಾಯಿಪಾಠ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆದಿದ್ದೇನೆ. ಆದರೆ ಕೈಯಲ್ಲಿದ್ದ ಬೋಲ್ಟ್‌ನ ಪಿಚ್ ಹೇಳಲು ಬರಲಿಲ್ಲ. ಹತ್ತು ಮರೆಗಳ ಉದ್ದ ಅಳೆದು ಹತ್ತರಿಂದ ಭಾಗಿಸಿದರೆ ಸಾಕು ಎಂದು ಬಸ್ಸಿನಲ್ಲಿ ವಾಪಸ್ ಬರುವಾಗ ಹೊಳೆಯಿತು. ಇಂಟರ್ನ್‌ಶಿಪ್ ಸಿಗಲಿಲ್ಲ. ಅವತ್ತು ಯಾರ ಮೇಲೂ ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. ಸಾಲ ಮಾಡಿ ಓದಿಸುತ್ತಿರುವ ಅಪ್ಪನಿಗೆ ಏನು ಹೇಳುವುದು ಎಂದು ತಿಳಿಯದೆ, ರಿಸಲ್ಟ್ ಇನ್ನೂ ಬಂದಿಲ್ಲ ಎಂದು ಒಂದು ವಾರ ಸುಳ್ಳು ಹೇಳಿದೆ.

ಲಕ್ಷ್ಮಣರಾವ್ ಅವರ ಜೀವನ ಓದಿದ್ದು ಆ ವಾರವೇ. ಅವರಂತೆ ನಾವೂ ಕೆಲಸ ಬಿಟ್ಟು ಕಾರ್ಖಾನೆ ಕಟ್ಟೋಣ ಎಂದು ನಾನು ಹೇಳುವುದಿಲ್ಲ. ಅವರಿಗೆ ದುಡ್ಡು ಕೊಡುವ ಅಣ್ಣ ಇದ್ದರು. ಜಮೀನು ಕೊಡುವ ರಾಜ ಸಿಕ್ಕಿದರು. ನಮ್ಮಲ್ಲಿ ಹೆಚ್ಚಿನವರಿಗೆ ಇವರಿಬ್ಬರೂ ಇಲ್ಲ. ನನ್ನ ತರಗತಿಯ ಅರ್ಧಕ್ಕಿಂತ ಹೆಚ್ಚು ಜನ ಕೋಡಿಂಗ್ ಕಲಿಯುತ್ತಿದ್ದಾರೆ. ನಾನೂ ಕಲಿಯುತ್ತಿದ್ದೇನೆ. ಮನೆ ನಡೆಯಬೇಕಲ್ಲ.

ಆದರೆ ಅಣ್ಣನೂ ರಾಜನೂ ಇಲ್ಲದವರಿಗೂ ಮಾಡಲು ಸಾಧ್ಯವಾದ ಒಂದು ಕೆಲಸವನ್ನು ಅವರು ಮೊದಲು ಮಾಡಿದರು. ಕೈಗೆ ಸಿಕ್ಕ ಯಂತ್ರವನ್ನು ಅದು ಹೀಗೇಕೆ ಇದೆ ಎಂದು ಗೊತ್ತಾಗುವವರೆಗೆ ಬಿಡಲಿಲ್ಲ. ಅವರಿಗೆ ಸಿಕ್ಕಿದ್ದು ಸೈಕಲ್. ನಮ್ಮ ಮನೆಗಳಲ್ಲಿ ಸೈಕಲ್ ಇದೆ, ಹೊಲಿಗೆ ಯಂತ್ರ ಇದೆ, ಕೆಟ್ಟ ಮಿಕ್ಸಿ ಇದೆ, ಬಾವಿಯ ಬಳಿ ಪಂಪಿದೆ. ಆ ಹಳೆಯ ಪಂಪ್ ನಮ್ಮಲ್ಲಿ ಯಾಕೆ ಮೂಲೆಗೆ ಬಿತ್ತು ಎಂಬುದಕ್ಕೂ ಈಗ ನನ್ನ ಬಳಿ ಉತ್ತರವಿದೆ. ಮೇಲೆ ಕೂತು ನೀರು ಹೀರುವ ಪಂಪ್ ಗಾಳಿಯ ಒತ್ತಡವನ್ನು ನಂಬಿಕೊಂಡಿದೆ. ಲೆಕ್ಕದಲ್ಲಿ ಹತ್ತು ಮೀಟರ್, ವಾಸ್ತವದಲ್ಲಿ ಏಳೆಂಟು ಮೀಟರ್‌ಗಿಂತ ಆಳದ ನೀರನ್ನು ಅದು ಎಳೆಯಲಾರದು. ನಮ್ಮ ಜಿಲ್ಲೆಯ ನೀರು ಸಾವಿರ ಅಡಿಗೂ ಕೆಳಗೆ ಹೋಗಿತ್ತು. ತಪ್ಪು ಪಂಪಿನದಲ್ಲ. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಇದೇ ಲೆಕ್ಕವನ್ನು ನಾನು ಎಷ್ಟು ಸಲ ಮಾಡಿದ್ದೆ! ಅದು ನಮ್ಮ ತೋಟದ ಲೆಕ್ಕ ಎಂದು ತಿಳಿದಿರಲಿಲ್ಲ.

ಎರಡನೇ ಕಾಟರ್ ಪಿನ್ನನ್ನು ಇನ್‌ಸ್ಟ್ರಕ್ಟರ್ ಅನುಮತಿ ಪಡೆದು ಕಾಲೇಜಿನ ಹರಿಹರದ ಲೇತ್‌ನಲ್ಲೇ ಮಾಡಿದೆ. ಅಳತೆಗೆ ತಿರುಗಿಸಿ, ಮರೆ ಕೊರೆದು, ಊರಿಗೆ ತಂದೆ. ಓರೆ ಬದಿಯನ್ನು ಮಾತ್ರ ಲೇತ್‌ನಲ್ಲಿ ಮಾಡಲು ಬರುವುದಿಲ್ಲ. ಅದನ್ನು ರಿಪೇರಿಯ ಹಿರಿಯರ ಪಕ್ಕ ಕೂತು ಅರದಿಂದ ಉಜ್ಜಿದೆ. ಸ್ವಲ್ಪ ಉಜ್ಜು, ಹಾಕಿ ನೋಡು, ಎಲ್ಲಿ ತಾಗಿದೆ ಎಂದು ಹೊಳಪು ನೋಡಿ ತಿಳಿ, ಮತ್ತೆ ಉಜ್ಜು. ಅವರು ಹೇಳಿಕೊಟ್ಟ ವಿದ್ಯೆ ಇಷ್ಟೇ. ಒಂದು ಗಂಟೆ ಹಿಡಿಯಿತು. ಅವರು ದುಡ್ಡು ತೆಗೆದುಕೊಳ್ಳಲಿಲ್ಲ.

ಆ ಪಿನ್ ಹಾಕಿ ಏಳು ವಾರವಾಯಿತು. ಟಕ್ ಸದ್ದು ನಿಂತಿದೆ. ಅಪ್ಪನಿಗೆ ಇಂಟರ್ನ್‌ಶಿಪ್ ವಿಷಯ ನಿಜ ಹೇಳಿದೆ. ಅವರು ಸೈಕಲ್ ಹತ್ತಿ ಒಂದು ಸುತ್ತು ಹೋಗಿ ಬಂದು, ಪೆಡಲ್ ಅಲ್ಲಾಡಿಸಿ ನೋಡಿ, ತೋಟದ ಪಂಪನ್ನೂ ಒಮ್ಮೆ ಬಿಚ್ಚಿ ನೋಡಲು ಹೇಳಿದರು. ಮುಂದಿನ ತಿಂಗಳು ಇನ್ನೊಂದು ಸಂದರ್ಶನವಿದೆ. ಅಲ್ಲಿ ಏನು ಕೇಳುತ್ತಾರೋ ಗೊತ್ತಿಲ್ಲ. ಬೋಲ್ಟ್ ಕೊಟ್ಟರೆ ಮಾತ್ರ ಈ ಸಲ ಮರೆ ಎಣಿಸುತ್ತೇನೆ.

– ಬಿ.ಇ. ವಿದ್ಯಾರ್ಥಿ, ಸುಗಟೂರು, ಕೋಲಾರ